ಮೂವತ್ತೆರಡು ಎಲ್ಲಿ ಕೂರಬೇಕು

ಹಾಸನದ ಕಾಲೇಜಿನ ಲ್ಯಾಬಿನಲ್ಲಿ ಬೋರ್ಡಿನ ಮೇಲೆ betoh32 ಎಂದು ಬರೆದೆ. ಒಂದು ಸಂಖ್ಯೆಯ ಬೈಟುಗಳಲ್ಲಿ ಕೆಲವು ಯಂತ್ರಗಳು ದೊಡ್ಡ ತುದಿಯದನ್ನು ಮೊದಲು ಇಡುತ್ತವೆ, ಕೆಲವು ಚಿಕ್ಕ ತುದಿಯದನ್ನು. ದೊಡ್ಡದು ಮುಂದಿರುವ ಮೂವತ್ತೆರಡು ಬಿಟ್ಟಿನ ಸಂಖ್ಯೆಯನ್ನು ನಮ್ಮ ಯಂತ್ರದ ಕ್ರಮಕ್ಕೆ ತರುವ ಫಂಕ್ಷನ್ ಅದು. ಲ್ಯಾಬಿನ ಲಿನಕ್ಸ್ ಒಪ್ಪಲಿಲ್ಲ. ಅಲ್ಲಿ ಅದರ ಹೆಸರು be32toh; ಮೂವತ್ತೆರಡು ನಡುವೆ ಬರಬೇಕು.

ದಂಡಿಗನಹಳ್ಳಿ ಕಡೆಯ ನಮ್ಮ ವಿಭಾಗದ ಮುಖ್ಯಸ್ಥರು ಹಿಂದೆಯೇ ನಿಂತಿದ್ದರು.

"ಏನ್ ಮೇಷ್ಟ್ರೇ, ಅಂಗೊಂದು ಎಸ್ರೇ ಇಲ್ಲ ಅಂತೈತೆ ಮೆಷೀನು. ಕನಸಲ್ಲಿ ಕಂಡ್ರಾ?"

ವಿದ್ಯಾರ್ಥಿಗಳು ನಕ್ಕರು. ಹೊರಗೆ ಬಂದ ಮೇಲೆ ಮುಖ್ಯಸ್ಥರು ದನಿ ತಗ್ಗಿಸಿದರು. "ಮರೆವು ಜಾಸ್ತಿಯಾಯ್ತು ನಿಮ್ಗೆ. ಮುಂದಿನ ಸೆಮಿಸ್ಟರ್ ಈ ಲ್ಯಾಬು ಬ್ಯಾರೆಯೋರ್ಗೆ ಕೊಡಾನ ಬುಡಿ."

"ನಾಳೆ ತನಕ ತಡ್ಕೊಳಿ ಸಾರ್."

ಸಂಜೆ ನನ್ನೂರು ಅರಕಲಗೂಡಿನ ಬಸ್ಸಿನಲ್ಲಿ ನನಗೆ ನಾನೇ ಅಡ್ಡಪ್ರಶ್ನೆ ಹಾಕಿಕೊಂಡೆ. ಆ ಹೆಸರನ್ನು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ನನ್ನ ಕಪ್ಪು ಲ್ಯಾಪ್‌ಟಾಪಿನಲ್ಲಿ ಕಂಡ ನೆನಪು. ಆದರೆ ಆ ಲ್ಯಾಪ್‌ಟಾಪ್ ಕೊಂಡದ್ದು ಕೆಲಸಕ್ಕೆ ಸೇರಿದ ಮೇಲೆ. ನೆನಪು ಎರಡು ಕಾಲಗಳನ್ನು ಸೇರಿಸಿ ಹೊಲಿದಿತ್ತು. ಹೆಸರನ್ನೂ ಹಾಗೆಯೇ ಹೊಲಿದುಕೊಂಡೆನೇ?

ಮನೆಗೆ ಹೋದವನೇ ಆ ಲ್ಯಾಪ್‌ಟಾಪ್ ತೆಗೆದೆ. ಅದರಲ್ಲಿರುವುದು ಲಿನಕ್ಸ್ ಅಲ್ಲ, ಓಪನ್‌ಬಿಎಸ್‌ಡಿ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್. betoh32 ತಕರಾರಿಲ್ಲದೆ ಕಂಪೈಲಾಯಿತು. ಸಂಖ್ಯೆಯನ್ನು ಕೊನೆಗೆ ಕೂರಿಸುವುದು ಅಲ್ಲಿಯ ರೂಢಿಯಾಗಿತ್ತು.

ಮರುದಿನ ಅದನ್ನು ಮುಖ್ಯಸ್ಥರ ಮೇಜಿನ ಮೇಲೆ ತೆರೆದಿಟ್ಟೆ.

"ಅಲ್ಲಿ ಐತೆ, ಸರಿ. ಇಲ್ಲಿ ಇಲ್ವಲ್ಲ. ತಪ್ಪು ತಪ್ಪೇ."

"ಶನಿವಾರ ಎಲ್ಲಿಗೆ ಹೋಗ್ತೀರಿ ಸಾರ್?"

"ಪಟ್ಣಕ್ಕೆ."

"ಯಾವ ಪಟ್ಣ?"

"ಅದೇನ್ ಕೇಳ್ತೀರಿ? ಚನ್ರಾಯಪಟ್ಣ ಕಣ್ರೀ, ಇನ್ಯಾವ್ದು!"

"ಮಂಡ್ಯದಲ್ಲಿ ನಿಂತು ಪಟ್ಣದ ಬಸ್ ಕೇಳಿ ನೋಡಿ, ಶ್ರೀರಂಗಪಟ್ಣದಲ್ಲಿ ಇಳಿಸ್ತಾರೆ. ಆಗ ನಿಮ್ಗೂ ಮರೆವು ಅನ್ನಾನಾ?"

ಅವರು ನಗು ತಡೆಯಲು ನೋಡಿದರು, ಆಗಲಿಲ್ಲ. "ಈ ಅರಕಲಗೂಡಿನೋರ ಬಾಯಿಗೆ ಬೀಗ ಇಲ್ಲ ಕಣ್ರೀ."

"ನನ್ನ ನೆನಪನ್ನ ನಂಬಬೇಡಿ ಸಾರ್, ನಾನೂ ನಂಬಲ್ಲ. ಆದ್ರೆ ಒಂದೇ ಮೆಷೀನ್ ಮಾತು ಕೇಳ್ಕೊಂಡು ಲ್ಯಾಬ್ ಕಿತ್ಕೋಬೇಡಿ. ನಾನು ಬಿಟ್ಕೊಡಲ್ಲ."

ನಾನು ಲ್ಯಾಬಿಗೆ ನಡೆದೆ. ನಿನ್ನೆಯ betoh32 ಬೋರ್ಡಿನ ಮೇಲೆ ಹಾಗೇ ಇತ್ತು. ಅದರ ಪಕ್ಕ be32toh ಬರೆದು, ಎರಡರ ತಲೆಯ ಮೇಲೂ ಅವುಗಳ ಊರಿನ ಹೆಸರು ಹಾಕಿದೆ: ಓಪನ್‌ಬಿಎಸ್‌ಡಿ, ಲಿನಕ್ಸ್. ಬಾಗಿಲಲ್ಲಿ ಮುಖ್ಯಸ್ಥರು ಕಾಣಿಸಿದರು.

"ಅಳೇದನ್ನ ಅಳಿಸಾಕಿಲ್ವಾ?"

"ಇಲ್ಲ ಸಾರ್," ಅಂದು ಪಾಠ ಶುರುಮಾಡಿದೆ.