ಸೋರದ ಕುಂಡಗಳು

ಊಟಕ್ಕೆ ಕೂತಾಗ, ಅದೂ ಇಬ್ಬರು ಷಡ್ಡಕರ ಎದುರಿಗೆ, ಅತ್ತೆ ಆಡಿದ ಮಾತನ್ನು ಪ್ಲಂಬರ್ ಇವತ್ತಿಗೂ ಹೊಟ್ಟೆಗೆ ಹಾಕಿಕೊಂಡಿಲ್ಲ. "ಅಳಿಯಂದ್ರ ಕೈಗುಣ ನಲ್ಲಿಗೆ ಸರಿ, ಗಿಡಕ್ಕಲ್ಲ" ಅಂದಿದ್ದರು. ಷಡ್ಡಕರು ಬಾಯಿಬಿಟ್ಟು ನಕ್ಕರು. ಹೆಂಡತಿ ಮುಖ ತಿರುಗಿಸಿಕೊಂಡು ನಕ್ಕಳು. ಅದನ್ನೂ ಅವನು ನೋಡಿದ.

ಮಾತು ಸುಳ್ಳೇನಲ್ಲ. ಅವನ ತಾರಸಿಯಲ್ಲಿ ಟೊಮೇಟೊ ಗೋಣು ಚೆಲ್ಲಿತ್ತು, ಬದನೆ ಬುಡದಿಂದಲೇ ಕೊಳೆತಿತ್ತು, ಮೆಣಸಿನ ಗಿಡ ಎಲೆಯನ್ನೆಲ್ಲ ಉದುರಿಸಿ ಕೋಲಾಗಿ ನಿಂತಿತ್ತು. ಪ್ರತಿ ಸಲವೂ ತಪ್ಪು ಬೇರೆಯವರದು. ಬೀಜದ ಅಂಗಡಿಯವನು ಮೋಸಗಾರ, ಮಣ್ಣು ತಂದವನು ಕಳ್ಳ, ಬಿಸಿಲಿಗೆ ಹದ ಗೊತ್ತಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುವವನಿಗೆ ಬೈಯಲು ಯಾರಾದರೂ ಸಿಕ್ಕೇ ಸಿಗುತ್ತಾರೆ. ಒಮ್ಮೆ ಸತ್ತ ಸೌತೆಬಳ್ಳಿಯ ಮುಂದೆ ನಿಂತು ಕಾಲು ಗಂಟೆ ಬೈದ. ಕೆಳಮನೆಯವರು ಗಂಡ ಹೆಂಡಿರ ಜಗಳವೆಂದುಕೊಂಡು ಬಿಡಿಸಲು ಬಂದರು.

ಆಮೇಲೆ ಅತ್ತೆ ಮಂಡಿನೋವಿನ ಔಷಧಿಗೆಂದು ಬಂದು ಮಗಳ ಮನೆಯಲ್ಲಿ ಮೂರು ತಿಂಗಳು ಉಳಿದರು. ಬರುವಾಗ ಮಾತ್ರೆಯ ಡಬ್ಬಿಯಲ್ಲಿ ಏಳು ಬೀಜ ತಂದಿದ್ದರು. ಚಪ್ಪರದವರೆ. ಅವರ ತಾಯಿಯ ಕಾಲದಿಂದ ವರ್ಷ ವರ್ಷ ಎತ್ತಿಟ್ಟುಕೊಂಡು ಬಂದ ತಳಿ. ಅತ್ತೆಯ ಮನೆಯಲ್ಲಿ ಅವರ ಮಗ ಗಾಡಿ ನಿಲ್ಲಿಸಲೆಂದು ಹಿತ್ತಿಲಿಗೆಲ್ಲ ಸಿಮೆಂಟು ಹಾಕಿಸಿದ್ದ. ಬೇರೆಲ್ಲಾದರೂ ಹಾಕೋಣವೆಂದರೆ ಇವರ ಮಂಡಿ ಬಗ್ಗಲು ಬಿಡುತ್ತಿರಲಿಲ್ಲ. ಈ ವರ್ಷ ಮಣ್ಣು ಕಾಣದಿದ್ದರೆ ಆ ತಳಿ ಅಲ್ಲಿಗೇ ಮುಗಿದಂತೆ. ಬೇರೆ ದಾರಿ ಕಾಣದೆ ಅಳಿಯನ ಅಂಗೈಗೆ ಹಾಕಿದರು.

"ಇದು ದಾನ ಅಲ್ಲ ಅಳಿಯಂದ್ರೆ, ಕೈಗಡ. ಏಳು ಕೊಟ್ಟಿದ್ದೀನಿ, ಏಳು ವಾಪಸ್ ಬರ್ಬೇಕು."

ಹೊಸ ಮಣ್ಣು, ಹಳೇ ಗೊಬ್ಬರ, ಎರಡು ದೊಡ್ಡ ಕುಂಡ. ಏಳಕ್ಕೆ ಏಳೂ ಮೊಳೆತವು. ಪ್ಲಂಬರ್ ಹಿಗ್ಗಿ ಹೀರೇಕಾಯಿಯಾದ. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ನೀರು ಹೊಯ್ದ. ಹದಿನೈದು ದಿನದಲ್ಲಿ ನಾಲ್ಕು ಸಸಿ ಹೋದವು. ಆಮೇಲೆ ಇನ್ನೊಂದು.

ಕೆಳಗೆ ಮಂಚದ ಮೇಲೆ ಕೂತ ಅತ್ತೆ ದಿನಾ ವಿಚಾರಿಸುತ್ತಿದ್ದರು. ಇವನು ಬಳ್ಳಿಯನ್ನು ಬಾಯಲ್ಲೇ ಬೆಳೆಸತೊಡಗಿದ. ಮೊದಲು ಗೇಣುದ್ದವಾಯಿತು, ಆಮೇಲೆ ಮೊಳದುದ್ದ, ಆಮೇಲೆ ತಾರಸಿಯ ಕಂಬಿ ಹಿಡಿಯಿತು. ಕೊನೆಗೆ ಒಂದು ದಿನ ಹೂವನ್ನೂ ಬಿಡಿಸಿಬಿಟ್ಟ.

"ಯಾವ ಬಣ್ಣ?" ಅತ್ತೆ ಕೇಳಿದರು.

"ಬಿಳಿ. ಮಲ್ಲಿಗೆ ಥರ."

"ನಮ್ದು ನೇರಳೆ ಹೂವಿಂದು," ಎನ್ನುತ್ತ ಅತ್ತೆ ಮಂಚದಿಂದ ಇಳಿದರು.

ಹದಿನೆಂಟು ಮೆಟ್ಟಿಲನ್ನು ಕೂತು ಕೂತು, ಒಂದೊಂದಾಗಿ ಹತ್ತಿದರು. ಹಿಡಿದುಕೊಳ್ಳಲು ಹೋದ ಅಳಿಯನಿಗೆ ಕೈ ಕೊಡಲಿಲ್ಲ. ಮೇಲೆ ಎರಡು ಸಸಿ, ಗೇಣಿಗೂ ಕಮ್ಮಿ, ಕಾಮಾಲೆ ಹಿಡಿದವರ ಹಾಗೆ. ಅತ್ತೆ ಮಣ್ಣಿಗೆ ಬೆರಳು ಹಾಕಿ ಮೂಸಿ ಮುಖ ಸಿಂಡರಿಸಿದರು. ಕುಂಡ ವಾಲಿಸಿ ಎಂದರು. ತಳದ ತೂತುಗಳಿಗೆಲ್ಲ, ಸೋರುವ ಪೈಪಿಗೆ ಮೆತ್ತುವ ಪೇಸ್ಟು ಮೆತ್ತಿತ್ತು. ಬೆರಳಚ್ಚು ಕೂಡ ಕಾಣದಷ್ಟು ನೀಟು. ಪಕ್ಕಾ ಗ್ಯಾರಂಟಿ ಕೆಲಸ.

ಕೆಳಮನೆಯ ಬಾಲ್ಕನಿಗೆ ತೊಟ್ಟಿಕ್ಕುತ್ತಿತ್ತು ಎಂದು ಪ್ಲಂಬರ್ ವಿವರಿಸಿದ. ಊರವರ ಮನೆಯ ಸೋರಿಕೆ ನಿಲ್ಲಿಸುವವನ ಸ್ವಂತ ತಾರಸಿಯೇ ಸೋರಿದರೆ ಮಾನ ಉಳಿಯುತ್ತದೆಯೇ ಎಂದ. ಇಪ್ಪತ್ತೈದು ವರ್ಷದಿಂದ, ಸೋರುವುದನ್ನು ಕಂಡು ಅವನ ಕೈ ಸುಮ್ಮನಿದ್ದದ್ದೇ ಇಲ್ಲ. ಸತ್ತ ಟೊಮೇಟೊ, ಬದನೆ, ಮೆಣಸಿನ ಕುಂಡಗಳಿಗೂ ಇದೇ ಮರ್ಯಾದೆಯಾಗಿತ್ತು.

ಅತ್ತೆ ಬೈಯಲಿಲ್ಲ. ನೀರಿನ ಟ್ಯಾಂಕಿಗೆ ಒರಗಿ ಉಸಿರು ಸುಧಾರಿಸಿಕೊಂಡರು.

"ಅಲ್ಲ ಅಳಿಯಂದ್ರೆ, ಮನೆ ಅಂದ್ಮೇಲೆ ನಲ್ಲಿ ಒಂದಿದ್ರೆ ಸಾಕಾ? ಮೋರಿ ಬೇಡ್ವಾ?"

ಕಟ್ಟಿಕೊಂಡ ಮೋರಿಗಳಿಂದಲೇ ಅರ್ಧ ಹೊಟ್ಟೆ ಹೊರೆಯುವ ಮನುಷ್ಯ. ಡ್ರಿಲ್ಲಿಂಗ್ ಮೆಷಿನ್ ತಂದು, ಯಾರ ಮುಖವನ್ನೂ ನೋಡದೆ, ತಾನು ಮುಚ್ಚಿದ್ದ ತೂತುಗಳನ್ನು ತಾನೇ ಕೊರೆದ. ಕೊಳೆತ ನೀರು ಹೋಗಿ ಕೆಳಮನೆಯವರು ಒಣಗಹಾಕಿದ್ದ ಬೆಡ್‌ಶೀಟಿನ ಮೇಲೆ ಬಿತ್ತು. ಆ ಜಗಳ ಬೇರೆ.

ಒಂದು ಸಸಿ ಬದುಕಿತು. ಅತ್ತೆ ಮಂಡಿ ಸರಿಮಾಡಿಕೊಂಡು ತಮ್ಮ ಮನೆಗೆ ಹೋದ ಮೇಲೆ ಅದು ನೇರಳೆ ಹೂ ಬಿಟ್ಟಿತು. ಕಾಯಿ ನಿಂತದ್ದು ಒಂದೇ. ಬಳ್ಳಿಯಲ್ಲೇ ಒಣಗಲೆಂದು ಕಾದ. ಅಲ್ಲಿಯ ತನಕ ಹೆಂಡತಿಯನ್ನೂ ತಾರಸಿಗೆ ಬಿಡಲಿಲ್ಲ. ಸುಲಿದರೆ ಆರು ಬೀಜ. ಸಿಪ್ಪೆಯನ್ನು ಸೀಳಿ, ಬೆಳಕಿಗೆ ಹಿಡಿದು ನೋಡಿದ. ಆರೇ. ಆರನ್ನೂ ಕಾಗದದಲ್ಲಿ ಮಡಚಿ, ಒಂದು ದಿನದ ಕೆಲಸ ಬಿಟ್ಟು, ತಾನೇ ಹೋಗಿ ಕೊಟ್ಟುಬಂದ.

ಅತ್ತೆ ಅವನ್ನು ಒಡೆದ ಬಕೆಟ್ಟುಗಳಲ್ಲಿ ಹಾಕಿದರು. ಈಗ ಅವರ ಮುಂಬಾಗಿಲ ತುಂಬ ಅವರೆ ಬಳ್ಳಿ, ಬೀಜ ಡಬ್ಬಿಗಟ್ಟಲೆ. ಆದರೂ ಮಗಳಿಗೆ ಫೋನ್ ಮಾಡಿದಾಗಲೆಲ್ಲ, ನಿನ್ನ ಗಂಡನದು ಇನ್ನೂ ಒಂದು ಬೀಜ ಬಾಕಿಯಿದೆ ಎಂದು ನೆನಪಿಸುವುದು ತಪ್ಪಿಲ್ಲ. ಕೇಳಿದ ಕೂಡಲೇ ಪ್ಲಂಬರ್ ಉರಿದುಬೀಳುತ್ತಾನೆ. ಕೊಡಬಾರದೆಂದಲ್ಲ. ಅವನ ಹತ್ತಿರ ಆ ತಳಿಯ ಬೀಜ ಒಂದೂ ಇಲ್ಲ. ಆ ಒಂದು ಬೀಜ ತೀರಿಸಬೇಕಾದರೆ ಮತ್ತೆ ಅತ್ತೆಯ ಮುಂದೆಯೇ ಕೈ ಚಾಚಬೇಕು. ಐದು ವರ್ಷವಾಯಿತು, ಚಾಚಿಲ್ಲ.