ಅಮೆರಿಕದ ಚುನಾವಣೆಗೆ ನನ್ನದೊಂದು ರುಜು

ಅಮೆರಿಕದ ಚುನಾವಣೆಗೆ ಐದು ಡಾಲರ್ ದೇಣಿಗೆ ಕೊಡಲು ಹೋಗಿ ಮುಖಭಂಗವಾದವನು ನಾನು. 2016ರ ಮಾತು. ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಹೊರವಲಯದ ನಮ್ಮ ಮನೆಯಲ್ಲಿ ಕೂತು, ನನಗೆ ಯಾವ ಸಂಬಂಧವೂ ಇಲ್ಲದ ಆ ದೇಶದ ಚರ್ಚೆಗಳನ್ನೆಲ್ಲ ನೋಡಿ ನೋಡಿ ಒಂದು ಭಾನುವಾರ ಉತ್ಸಾಹ ತಡೆಯಲಾಗಲಿಲ್ಲ. ಅಭ್ಯರ್ಥಿಯೊಬ್ಬರ ವೆಬ್‌ಸೈಟಿನಲ್ಲಿ ಹೆಸರು, ಇಮೇಲ್ ತುಂಬಿದೆ. ಕೊನೆಗೆ, ನಾನು ಅಮೆರಿಕದ ಪ್ರಜೆ ಅಥವಾ ಅಲ್ಲಿನ ಕಾಯಂ ನಿವಾಸಿ ಎಂದು ಗುರುತು ಹಾಕಬೇಕಿತ್ತು. ಹೊರಗಿನವರು ಅಲ್ಲಿನ ಚುನಾವಣೆಗೆ ಬಿಡಿಗಾಸೂ ಕೊಡುವಂತಿಲ್ಲವಂತೆ. ಪ್ರಾಮಾಣಿಕತೆಯಿಂದಲ್ಲ, ಹೆದರಿಕೆಯಿಂದ ಪುಟ ಮುಚ್ಚಿದೆ. ಆದರೆ ಇಮೇಲ್ ವಿಳಾಸ ಅಷ್ಟರಲ್ಲೇ ಅವರ ಕೈ ಸೇರಿತ್ತು. ಮರುದಿನದಿಂದ ಪತ್ರಗಳು ಶುರುವಾದವು. ಗೆಳೆಯಾ, ನೀನಿಲ್ಲದೆ ಇದು ಆಗುವುದಿಲ್ಲ, ಎಂಬ ಧಾಟಿ.

"ಯಾರ್ರೀ ಅದು, ದಿನಾ ಬೆಳಿಗ್ಗೆ ನಿಮಗೆ ಹೀಗೆ ಬರೆಯೋದು?" ಎಂದಳು ಹೆಂಡತಿ ಸುಮಾ.

"ಅಮೆರಿಕದ ಅಧ್ಯಕ್ಷರಾಗೋಕೆ ನಿಂತಿರೋರು."

"ಇಲ್ಲಿ ನೀವಿಲ್ದೇನೇ ಎಲ್ಲಾ ಆಗ್ತಿದೆ ಅಂತ ತಿಳಿಸಿ ಅವರಿಗೆ."

ಮನೆಯಲ್ಲಿ ಸಿಗದ ಮರ್ಯಾದೆಯನ್ನು ಆಫೀಸಿನ ಚಹಾ ಕೋಣೆಯಲ್ಲಿ ಗಿಟ್ಟಿಸಿಕೊಳ್ಳುತ್ತಿದ್ದೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸಲಿಕ್ಕೂ ಜನ ರಾಜ್ಯ ರಾಜ್ಯದಲ್ಲಿ ಮೊದಲೊಂದು ಸುತ್ತು ವೋಟು ಹಾಕುತ್ತಾರೆ ಎಂದು ವಿವರಿಸುತ್ತಿದ್ದೆ. ಅಭ್ಯರ್ಥಿಯ ಕೈಗೆ ಒಬ್ಬರು ಕೊಡುವ ಹಣಕ್ಕೆ ಮಿತಿಯಿದೆ. ಆದರೆ ಹೊರಗಿನ ಗುಂಪೊಂದು ಅವರ ಜೊತೆ ಸಮಾಲೋಚಿಸದೆ ತಾನೇ ಪ್ರಚಾರ ಮಾಡಿದರೆ ಮಿತಿಯೇ ಇಲ್ಲ. ಮಾತು ಬಿಟ್ಟ ಓರಗಿತ್ತಿಯರು ಒಂದೇ ಮದುವೆಮನೆಯಲ್ಲಿ ಓಡಾಡಿದ ಹಾಗೆ. ಒಬ್ಬರಿಗೊಬ್ಬರು ಮುಖ ತಿರುಗಿಸಿಯೇ ಇಬ್ಬರೂ ಅದೇ ಮದುವೆ ನಡೆಸುತ್ತಾರೆ.

ಟೆಸ್ಟಿಂಗ್ ವಿಭಾಗದ ಕ್ಯಾರಲ್ ಅರವತ್ತರ ಹತ್ತಿರದ ಹೆಂಗಸು, ಅಮೆರಿಕದ ಸಣ್ಣ ಊರೊಂದರವರು. ನನ್ನ ಉಪನ್ಯಾಸವನ್ನು ಒಮ್ಮೆಯೂ ತಡೆಯದೆ ಕೇಳುತ್ತಿದ್ದರು. ಅದನ್ನು ನಾನು ಮೆಚ್ಚುಗೆ ಎಂದೇ ತಿಳಿದಿದ್ದೆ. ಒಂದು ದಿನ ಅವರಿಗೇ ಲೆಕ್ಕ ಹೇಳಿಕೊಟ್ಟೆ. ಅಧ್ಯಕ್ಷರನ್ನು ಆರಿಸುವ ಮತಗಳಲ್ಲಿ ಪ್ರತಿ ರಾಜ್ಯಕ್ಕೂ ಒಂದು ಪಾಲು; ಹೆಚ್ಚಿನ ರಾಜ್ಯಗಳಲ್ಲಿ ಗೆದ್ದವರಿಗೇ ಆ ಪಾಲು ಪೂರ್ತಿ. ನಿಮ್ಮ ರಾಜ್ಯ ಯಾವಾಗಲೂ ಒಂದೇ ಪಕ್ಷದ ಕಡೆ. ಆದ್ದರಿಂದ ನಿಮ್ಮ ವೋಟಿನ ಬೆಲೆ ಸೊನ್ನೆ. ಅವರು ಚಹಾ ಕಲಕುತ್ತಾ, "ಗೊತ್ತು" ಎಂದರು, ಅಷ್ಟೆ.

ಅಕ್ಟೋಬರಿನಲ್ಲಿ ಅವರೇ ನನ್ನ ಮೇಜಿಗೆ ಬಂದರು, ಕೈಯಲ್ಲೊಂದು ಲಕೋಟೆ.

"ಇದು ನನ್ನ ಅಂಚೆ ಮತ. ನಮ್ಮ ರಾಜ್ಯದಲ್ಲಿ ಲಕೋಟೆಯ ಮೇಲೆ ಒಬ್ಬರ ಸಾಕ್ಷಿ ರುಜು ಬೇಕು. ಯಾವ ದೇಶದವರಾದರೂ ಆಗುತ್ತೆ. ಹಾಕ್ತೀರಾ?"

"ಹೇಗಿದ್ರೂ ಇದು ಲೆಕ್ಕಕ್ಕೆ ಬರಲ್ವಲ್ಲ?" ಎಂದೆ. ಬುದ್ಧಿವಂತನ ಬಾಯಿ ಅಷ್ಟು ಬೇಗ ಮುಚ್ಚುವುದಿಲ್ಲ.

"ಅಧ್ಯಕ್ಷರದ್ದು ಬಿಡಿ. ಅದೇ ಕಾಗದದ ಕೆಳಗಡೆ ನಮ್ಮೂರ ಶಾಲಾ ಮಂಡಳಿಯ ಚುನಾವಣೆಯೂ ಇದೆ. ನನ್ನ ತಂಗಿ ನಿಂತಿದ್ದಾಳೆ. ಇಪ್ಪತ್ತು ವರ್ಷ ಶಾಲೆ ಬಸ್ಸು ಓಡಿಸಿದವಳು. ಈಗಿನ ಮಂಡಳಿಯವರು ಊರಿನ ಶಾಲೆ ಮುಚ್ಚಬೇಕು ಅಂತಿದ್ದಾರೆ."

ಆ ಕಾಗದಕ್ಕೆ ಕೆಳಗಡೆ ಎಂಬುದೊಂದು ಇದೆ ಎಂದು ನನಗೆ ತಿಳಿದದ್ದು ಆಗ. ತಂಗಿಯ ಪ್ರಚಾರದ ಬಂಡವಾಳ ಕುಂಬಳಕಾಯಿ ಕಡುಬು ಮಾರಿ ಬಂದದ್ದು, ಜೊತೆಗೆ ಅಕ್ಕ ಕಳಿಸಿದ ಸ್ವಲ್ಪ ಹಣ. ಅದರಲ್ಲಿ ಜನರ ಮನೆಯಂಗಳದಲ್ಲಿ ನೆಡುವ ಪ್ರಚಾರ ಫಲಕಗಳಾಗಿದ್ದವು.

ಗಂಭೀರವಾಗಿ ರುಜು ಹಾಕಿ, ತಾರೀಕು ಬರೆದೆ: 13/10/2016. ಕ್ಯಾರಲ್ ಮುಖ ಬಿಳಿಚಿಕೊಂಡಿತು. ಅವರ ದೇಶದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹದಿಮೂರನೆಯ ತಿಂಗಳಿನಲ್ಲಿ ನಾನು ಸಾಕ್ಷಿ ನುಡಿದಿದ್ದೆ. ವರ್ಷವಿಡೀ ಆ ಚುನಾವಣೆಯನ್ನು ಅರೆದು ಕುಡಿದವನು, ಅದರಲ್ಲಿ ಸಿಕ್ಕ ಒಂದೇ ಒಂದು ಕೆಲಸ ಕೆಡಿಸಿದೆ. ಶಾಲೆ ಮುಚ್ಚಿದರೆ ನನ್ನಿಂದಲೇ ಎಂಬ ಭಯಕ್ಕೆ ಆ ಸಂಜೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಅವರೂರಿನ ಚುನಾವಣಾ ಕಚೇರಿಗೆ ಫೋನ್ ಮಾಡಿದೆವು. ಗುಮಾಸ್ತೆ ಎಲ್ಲ ಕೇಳಿ, "ಸಾಕ್ಷಿ ಹಾಕಿದವರು ಅಲ್ಲೇ ಇದ್ದಾರಾ?" ಎಂದು ವಿಚಾರಿಸಿದಳು. ಎದ್ದು ನಿಂತೆ. "ಸರ್, ಅದನ್ನ ಹೊಡೆದುಹಾಕಿ, ತಿಂಗಳು ಮೊದಲು ಬರೆದು ಪಕ್ಕದಲ್ಲಿ ಇನ್ನೊಂದು ಸಹಿ ಮಾಡಿ. ನಿಧಾನವಾಗಿ ಬರೀರಿ." ಒಂದನೇ ತರಗತಿಯವನ ಹಾಗೆ ನಿಧಾನವಾಗಿ ಬರೆದೆ.

ನವೆಂಬರಿನ ಆ ಬುಧವಾರ ರಾತ್ರಿ ಅಧ್ಯಕ್ಷರ ಫಲಿತಾಂಶ ಬಂತು. ನನ್ನ ಭವಿಷ್ಯವಾಣಿ ಪೂರ್ತಿ ತಲೆಕೆಳಗಾಯಿತು. ಕ್ಯಾರಲ್ ಕಾಯುತ್ತಿದ್ದ ಫಲಿತಾಂಶ ಮರುದಿನ ಬಂತು. ತಂಗಿ ಸೋತಿದ್ದಳು.

"ಸ್ವಲ್ಪದರಲ್ಲಾ?" ಎಂದೆ.

"ಇಲ್ಲ, ತುಂಬಾ ವೋಟಲ್ಲಿ. ಆದರೆ ಒಬ್ಬಳೇ ಇದ್ದೀನಿ ಅಂದ್ಕೊಂಡಿದ್ದಳು. ಮುನ್ನೂರು ಜನ ಜೊತೆಗಿದ್ದಾರೆ ಅಂತ ಈಗ ಗೊತ್ತಾಯ್ತು. ಮಂಡಳಿಯ ಮುಂದಿನ ಸಭೆಗೆ ಅವರನ್ನ ಕರ್ಕೊಂಡು ಹೋಗ್ತಾಳಂತೆ."

ಆ ಸಂಜೆ ಸುಮಾಳನ್ನು ಕೇಳಿದೆ, "ನಮ್ಮ ಮಗಳ ಶಾಲೆಗೂ ಇಂಥ ಮಂಡಳಿ ಇದೆಯಾ?"

"ಇದೆ. ಚುನಾವಣೆ ಆಗಿ ಎಷ್ಟೋ ತಿಂಗಳಾಯ್ತು. ನಾನು ವೋಟ್ ಹಾಕಿದೆ. ಅಂಚೇಲಿ ಬಂದ ನಿಮ್ಮ ಮತಪತ್ರ ಇನ್ನೂ ಫ್ರಿಜ್ ಮೇಲೇ ಕೂತಿದೆ."

ಧೂಳು ಒರೆಸಿ ಲಕೋಟೆ ಒಡೆದೆ. ಅಭ್ಯರ್ಥಿಗಳ ಫೋಟೋಗಳೂ ಇದ್ದವು. ಒಬ್ಬರ ಮುಖ ಚೆನ್ನಾಗಿ ಗುರುತು ಸಿಕ್ಕಿತು. ದಿನಾ ಬೆಳಿಗ್ಗೆ ರೈಲಿನಲ್ಲಿ ನನ್ನ ಎದುರಿಗೆ ಕೂರುವ ಸಜ್ಜನ. ತಾವು ಚುನಾವಣೆಗೆ ನಿಂತಿರುವುದನ್ನು ಪಾಪ ಒಂದು ಸಲವೂ ಹೇಳಲಿಲ್ಲ. ಹೇಳಲು ಬಾಯಿ ತೆರೆದಿದ್ದರೋ ಏನೋ. ನಾನು ಅವರಿಗೆ ಅಮೆರಿಕದ ಚುನಾವಣೆ ವಿವರಿಸುತ್ತಿದ್ದೆ.