ಹರಿವಿಗೆ ಬೆನ್ನು ಮಾಡಿದ ಪೈಪು

ಬೂಕನಕೆರೆಯ ಲಕ್ಷ್ಮಣ ಕಮ್ಮಾರರ ಮನೆಯವನು. ಕುಲುಮೆ ಬಿಟ್ಟು ಪಂಪ್‌ಸೆಟ್ಟಿಗೆ ಕೈ ಹಾಕಿ ಇಪ್ಪತ್ತಾರು ವರ್ಷ. ನಾಲೆಗೆ ಅವನು ಇಳಿಸಿದ ಪೈಪಿಗೆ ಕಸ ಕಟ್ಟಿದ್ದನ್ನು ಕಂಡವರಿಲ್ಲ. ಪೈಪಿನ ಬಾಯನ್ನು ಹರಿವಿಗೆ ಬೆನ್ನು ಮಾಡಿ ಕೂರಿಸುತ್ತಿದ್ದ. ಪಾಚಿ, ಪ್ಲಾಸ್ಟಿಕ್ಕು ಎಲ್ಲ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಅದರ ಜಂಬವೂ ಅವನಿಗೇನು ಕಡಿಮೆ ಇರಲಿಲ್ಲ ಅನ್ನಿ!

ಶ್ರೀರಂಗಪಟ್ಟಣದ ಹೇಮಂತ್ ಹಿನ್ನೀರಿಗೆ ಸ್ಪೀಡ್ ಬೋಟು ತಂದಾಗ ಕರೆ ಬಂದದ್ದೂ ಇವನಿಗೇ. ಬೋಟಿನ ಹಿಂಬದಿಗೆ ಡ್ರೈವು ಅಂತ ಒಂದು ಗೇರುಪೆಟ್ಟಿಗೆ. ಇಂಜಿನ್ನಿನ ಬಲವನ್ನೆಲ್ಲ ನೀರೊಳಗಿನ ಫ್ಯಾನಿಗೆ ದಾಟಿಸುವುದು ಅದೇ. ವೇಗ ಹೆಚ್ಚಿದರೆ ಕಾದು ಕೆಂಡವಾಗುತ್ತದೆ. ಬೋಟಿನ ತಳದಲ್ಲಿ ನೀರು ಹಿಡಿಯುವ ಒಂದು ಬಾಯಿ ಕೂರಿಸಿ, ಪೈಪಿನಲ್ಲಿ ನೀರು ಏರಿಸಿ, ಅದರ ತಲೆ ಮೇಲೆ ಸುರಿಸಬೇಕು. ಲಕ್ಷ್ಮಣ ಒಂದೇ ದಿನದಲ್ಲಿ ಮುಗಿಸಿದ. ಬೋಟು ಓಡಿಸುವ ಕೆಲಸಕ್ಕೆ ಸೇರಿದ್ದವಳು ಅವನ ಮಗಳು ಭೂಮಿಕ. ಪರೀಕ್ಷೆಯ ಓಟಕ್ಕೆ ಅಪ್ಪ ಮಗಳು ಇಬ್ಬರೇ ಹೊರಟರು. ಹೇಮಂತ್ ದಡದಲ್ಲಿ ನಿಂತ.

ಬೋಟು ಮೂಗೆತ್ತಿ ಹಾರಿತು. ಮಗಳ ಕಣ್ಣು ಮುಂದೆ, ಅಪ್ಪನ ಕಣ್ಣು ಹಿಂದೆ. ಡ್ರೈವಿನ ತಲೆ ಒಣಗಿತ್ತು. ಒಂದು ಹನಿ ಇಲ್ಲ!

“ನೀರ್ ಬತ್ತಾ ಅದಾ, ಅಪ್ಪಾ?” ಭೂಮಿಕ ಕೂಗಿದಳು.

ಪೈಪಿನಲ್ಲಿ ಗಾಳಿ ಕಟ್ಟಿರಬೇಕು, ಈಗ ನೀರು ಬಂದುಬಿಡುತ್ತದೆ ಅಂದುಕೊಂಡ ಲಕ್ಷ್ಮಣ. ದಡದಲ್ಲಿ ಯಜಮಾನ ನೋಡುತ್ತಿದ್ದಾನೆ. ನಿಲ್ಲಿಸಿದರೆ ಮಾನ ಉಳಿಯುತ್ತದೆಯೇ? “ಬತ್ತಾ ಅದೆ ಕಣವ್ವ, ಓಡ್ಸು!” ಅಂದುಬಿಟ್ಟ.

ಪಾಪ, ಅವಳು ನಂಬಿದಳು. ವೇಗ ಏರಿತು. ಹಿಂದಿನಿಂದ ಗೇರು ಕಿರುಗುಟ್ಟಿತು, ಆಮೇಲೆ ಸೀದ ಎಣ್ಣೆಯ ವಾಸನೆ. ಈ ಓಟದಲ್ಲಿ ಗೇರು ಕಚ್ಚಿಕೊಂಡರೆ ಬೋಟು ಮಗುಚುತ್ತದೆ, ಮಗಳು ಉಳಿಯುವುದಿಲ್ಲ. ಲಕ್ಷ್ಮಣ ಕೂಗಿಕೊಂಡ.

“ನಿಲ್ಸವ್ವಾ! ನೀರ್ ಬತ್ತಾ ಇಲ್ಲ! ಮೊದ್ಲಿಂದ್ಲೂ ಬಂದಿಲ್ಲ, ನಾನು ಸುಳ್ಳೇಳ್ಬುಟ್ಟೆ!”

ಭೂಮಿಕ ಗಾಬರಿಯಾದರೂ ಮೆಲ್ಲಗೆ ವೇಗ ಇಳಿಸಿ ಇಂಜಿನ್ ಆರಿಸಿದಳು. ಬಕೆಟ್ಟಿನಲ್ಲಿ ನೀರು ಮೊಗೆದು ಡ್ರೈವಿನ ಮೇಲೆ ಹುಯ್ದಳು; ಹಬೆ ಎದ್ದಿತು. ಲಕ್ಷ್ಮಣ ಲೈಫ್ ಜಾಕೆಟ್ಟಿನಲ್ಲೇ ನೀರಿಗಿಳಿದು ತಳ ತಡವಿದ. ಬಾಯಿ ಹಿಂದಕ್ಕೆ ತಿರುಗಿತ್ತು! ನಾಲೆಯಲ್ಲಿ ಪಳಗಿದ ಕೈ ಹೇಳದೆ ಕೇಳದೆ ನಾಲೆಯ ಕೆಲಸವನ್ನೇ ಮಾಡಿತ್ತು. ಇಲ್ಲಿ ಎಳೆಯಲು ಪಂಪಿಲ್ಲ. ಬೋಟಿನ ಓಟವೇ ನೀರನ್ನು ಬಾಯೊಳಕ್ಕೆ ನುಗ್ಗಿಸಬೇಕು. “ಥೂ ನನ್ ಬುದ್ಧಿಗಿಷ್ಟು!” ಎಂದು ಬೈದುಕೊಂಡು, ಸ್ಪ್ಯಾನರಿನಲ್ಲಿ ಸಡಿಲಿಸಿ, ಬಾಯನ್ನು ಮುಂದಕ್ಕೆ ತಿರುಗಿಸಿ ಬಿಗಿದ.

ಈ ಸಲ ಬೋಟು ಹಾರಿದ್ದೇ ತಡ, ಡ್ರೈವಿನ ಮೇಲೆ ನೀರು ಧೋ ಎಂದು ಸುರಿಯಿತು. ದಡದಲ್ಲಿ ಹೇಮಂತ್ ಕೈಯೆತ್ತಿ ಚಪ್ಪಾಳೆ ತಟ್ಟಿದ. ದೂರದಲ್ಲಿ ನಡೆದದ್ದೇನೂ ಅವನಿಗೆ ಗೊತ್ತಾಗಿರಲಿಲ್ಲ.

“ಬತ್ತಾ ಅದೆ ಕಣವ್ವ, ನೀರು!” ಲಕ್ಷ್ಮಣ ಕೂಗಿ ಹೇಳಿದ.

ಭೂಮಿಕ ವೇಗ ತಗ್ಗಿಸಿ, ಕತ್ತು ಹೊರಳಿಸಿ, ತಾನೇ ನೋಡಿದಳು.